‘ಜನಸಂಖ್ಯೆ ಬೆಳವಣಿಗೆ ಇಳಿದಿದೆ’ ಅಂದರೆ ಇಳಿದದ್ದು ಯಾವುದು?

ಪ್ರಶ್ನೆ: ಕರ್ನಾಟಕದ 2011ರ ಜನಗಣತಿಯ ಅಂಕಿಗಳನ್ನು ಕನ್ನಡದಲ್ಲಿ ಬರೆಯುವಾಗ ಕೆಲವು ಪದಗಳ ಬಳಿ ಪೆನ್ನು ನಿಲ್ಲುತ್ತದೆ. ‘ಜನಸಂಖ್ಯಾ ಬೆಳವಣಿಗೆ’ ಸರಿಯೋ, ‘ಜನಸಂಖ್ಯೆಯ ಬೆಳವಣಿಗೆ’ ಸರಿಯೋ? ದರ ಕಡಿಮೆಯಾದಾಗ ‘ಬೆಳವಣಿಗೆ ಇಳಿದಿದೆ’ ಎನ್ನಬಹುದೇ? ‘ಫಲವತ್ತತೆ ದರ’ ಓದಿದರೆ ಹೊಲದ ಮಣ್ಣು ನೆನಪಾಗುತ್ತದೆ, ಬೇರೆ ಮಾತಿದೆಯೇ? ಬಲ್ಲವರು ತಿಳಿಸಿ.

ಉತ್ತರ 1: ಸಮಾಸದ ಮಾತು ಮೊದಲು ಮುಗಿಸೋಣ. ‘ಜನಸಂಖ್ಯಾ’ ಎಂಬ ಆಕಾರಾಂತ ರೂಪ ಮುಂದೆ ಸಂಸ್ಕೃತ ಪದ ಬಂದಾಗ ಹೊಂದುತ್ತದೆ: ಜನಸಂಖ್ಯಾಶಾಸ್ತ್ರ, ಜನಸಂಖ್ಯಾಸ್ಫೋಟ. ‘ಬೆಳವಣಿಗೆ’ ಕನ್ನಡದ್ದು, ಹಾಗಾಗಿ ‘ಜನಸಂಖ್ಯಾ ಬೆಳವಣಿಗೆ’ ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ಸಮಾಸ. ‘ಜನಸಂಖ್ಯೆಯ ಬೆಳವಣಿಗೆ’ ಅಂದರೆ ಯಾರ ತಕರಾರೂ ಇಲ್ಲ. ಪತ್ರಿಕೆಗಳಲ್ಲಿ ಅರಿಸಮಾಸವೇ ಹೆಚ್ಚು ಓಡಾಡುತ್ತದೆ; ಅದಕ್ಕಾಗಿ ಜಗಳವಾಡುವಷ್ಟು ದೊಡ್ಡ ತಪ್ಪೇನಲ್ಲ.

ಜಗಳವಾಡಬೇಕಾದದ್ದು ಎರಡನೆಯದಕ್ಕೆ. ರಾಜ್ಯದ ಜನಸಂಖ್ಯೆ 1991ರಲ್ಲಿ 4,49,77,201, 2001ರಲ್ಲಿ 5,28,50,562, 2011ರಲ್ಲಿ 6,10,95,297. ಮೊದಲ ದಶಕದ ಬೆಳವಣಿಗೆ ದರ ಶೇ 17.51, ಎರಡನೆಯದರದ್ದು ಶೇ 15.60. ದರ ಇಳಿಯಿತು, ನಿಜ. ಆದರೆ ಕಳೆದು ನೋಡಿ: ಮೊದಲ ದಶಕದಲ್ಲಿ ಹೊಸದಾಗಿ ಸೇರಿದವರು 78.73 ಲಕ್ಷ, ಎರಡನೆಯದರಲ್ಲಿ 82.45 ಲಕ್ಷ. ದರ ಇಳಿದ ದಶಕದಲ್ಲೇ ಹೆಚ್ಚು ಜನ ಸೇರಿದ್ದಾರೆ, ಏಕೆಂದರೆ ಭಾಗಿಸುವ ಬುಡದ ಸಂಖ್ಯೆಯೇ ದೊಡ್ಡದಾಗಿದೆ. ‘ಬೆಳವಣಿಗೆ ಇಳಿದಿದೆ’ ಎಂದು ಬರೆದರೆ ಓದುಗ ಇವೆರಡರಲ್ಲಿ ಯಾವುದನ್ನು ಹಿಡಿಯಬೇಕು? ದರಕ್ಕೆ ‘ಬೆಳವಣಿಗೆ ದರ’, ತಲೆ ಲೆಕ್ಕಕ್ಕೆ ‘ಹೆಚ್ಚಳ’ ಎಂದು ಇಟ್ಟುಕೊಂಡು ಲೇಖನದುದ್ದಕ್ಕೂ ಅದನ್ನೇ ಪಾಲಿಸಿದರೆ ಗೊಂದಲ ಹುಟ್ಟುವುದಿಲ್ಲ. ‘ಇಳಿಕೆ’ ಪದವನ್ನು ಜನ ನಿಜಕ್ಕೂ ಕಡಿಮೆಯಾದಲ್ಲಿಗೆ ಮೀಸಲಿಡಿ. ಚಿಕ್ಕಮಗಳೂರು ಜಿಲ್ಲೆಯಲ್ಲಿ 2001ರಲ್ಲಿ 11,40,905 ಇದ್ದದ್ದು 2011ರಲ್ಲಿ 11,37,961 ಆಯಿತು. ಇದನ್ನು ‘ಋಣಾತ್ಮಕ ಬೆಳವಣಿಗೆ’ ಎಂದು ಸುತ್ತಿಬಳಸುವುದೇಕೆ, ‘ಇಳಿಕೆ’ ಇದೆಯಲ್ಲ.

ಇದರ ಜೊತೆಗೆ ಬರುವ ಎರಡು ತಪ್ಪುಗಳು. 17.51ರಿಂದ 15.60ಕ್ಕೆ ಬಂದದ್ದನ್ನು ‘ಶೇ 1.91ರಷ್ಟು ಇಳಿಕೆ’ ಎನ್ನುತ್ತಾರೆ. ಇಳಿದದ್ದು 1.91 ಶೇಕಡಾ ಅಂಶ, ಅಂದರೆ ಎರಡು ಶೇಕಡಾ ಅಂಕಿಗಳ ನಡುವಿನ ನೇರ ವ್ಯತ್ಯಾಸ. ಶೇಕಡಾದಲ್ಲೇ ಹೇಳುವುದಾದರೆ ಸುಮಾರು ಶೇ 10.9. ಇನ್ನೊಂದು, 15.60ನ್ನು ಹತ್ತರಿಂದ ಭಾಗಿಸಿ ‘ವಾರ್ಷಿಕ ದರ ಶೇ 1.56’ ಎನ್ನುವುದು. ಚಕ್ರಬಡ್ಡಿಯ ಹಾಗೆ ಲೆಕ್ಕ ಹಾಕಿದರೆ ಬರುವುದು ಸುಮಾರು 1.46. ಹಾಗೆಯೇ ಅಂಕಿ ತಾತ್ಕಾಲಿಕವೋ ಅಂತಿಮವೋ ನೋಡಿಕೊಳ್ಳಿ. 2011ರ ಲಿಂಗಾನುಪಾತ (ಸಾವಿರ ಗಂಡಸರಿಗೆ ಎಷ್ಟು ಹೆಂಗಸರು ಎಂಬ ಲೆಕ್ಕ) ಮೊದಲು ಪ್ರಕಟವಾದಾಗ 968, ಅಂತಿಮ ಅಂಕಿ 973. ಒಂದೇ ಲೇಖನದಲ್ಲಿ ಎರಡೂ ಕಾಣಿಸಿಕೊಳ್ಳುವುದುಂಟು. 0–6 ವಯಸ್ಸಿನ ಮಕ್ಕಳ ಲಿಂಗಾನುಪಾತ ಬೇರೆಯೇ, 948.

ರಾಜ್ಯದ ಸರಾಸರಿಯೂ ಮೋಸ ಮಾಡುತ್ತದೆ. ಸೇರಿದ 82.45 ಲಕ್ಷದಲ್ಲಿ 30.84 ಲಕ್ಷ ಬೆಂಗಳೂರು ನಗರ ಜಿಲ್ಲೆಯೊಂದರದ್ದೇ. ಅಲ್ಲಿಯ ದರ ಶೇ 47.18.

‘ಫಲವತ್ತತೆ ದರ’ದ ಬಗ್ಗೆ: ನಿಮ್ಮ ಅನುಮಾನ ಸರಿ. ಫಲವತ್ತತೆ ಹೆರುವ ಶಕ್ತಿಯನ್ನು ಸೂಚಿಸುತ್ತದೆ. ಇಲ್ಲಿ ಎಣಿಸುವುದು ಹುಟ್ಟಿದ ಮಕ್ಕಳನ್ನು. ಕರ್ನಾಟಕದ ಹೆಣ್ಣುಮಕ್ಕಳ ಶಕ್ತಿಯೇ ಕುಂದಿತು ಎಂಬಂತೆ ಓದಿಸಿಕೊಳ್ಳುತ್ತದೆ. ‘ಒಟ್ಟು ಹೆರಿಗೆ ದರ’ ಎನ್ನಬಹುದು, ಅಥವಾ ಬಿಡಿಸಿಯೇ ಬರೆಯಿರಿ: ‘ಈಗಿನ ಹೆರಿಗೆ ಪ್ರಮಾಣವೇ ಮುಂದುವರಿದರೆ ಒಬ್ಬ ಮಹಿಳೆಗೆ ಜೀವಮಾನದಲ್ಲಿ ಹುಟ್ಟುವ ಸರಾಸರಿ ಮಕ್ಕಳು’. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕಕ್ಕೆ ಇದು 1.7. ದಯವಿಟ್ಟು ‘ಶೇ 1.7’ ಬೇಡ, ಅದು ಮಕ್ಕಳ ಲೆಕ್ಕ. ಒಂದು ತಲೆಮಾರಿನ ಜಾಗವನ್ನು ಮುಂದಿನದು ತುಂಬಲು ಸುಮಾರು 2.1 ಬೇಕು. ಅದಕ್ಕಿಂತ ಕೆಳಗಿದ್ದರೂ ಜನಸಂಖ್ಯೆ ತಕ್ಷಣ ಇಳಿಯುವುದಿಲ್ಲ. ಹೆರುವ ವಯಸ್ಸಿನವರ ಸಂಖ್ಯೆ ದೊಡ್ಡದಾಗಿದ್ದಾಗ ಕೆಲವು ದಶಕ ಏರುತ್ತಲೇ ಇರುತ್ತದೆ.

ಉತ್ತರ 2: ಮೇಲಿನದಕ್ಕೆ ಎರಡು ಸೇರ್ಪಡೆ. ‘ಶೇ 66ರಷ್ಟು ಕನ್ನಡಿಗರು’ ಎಂಬ ವಾಕ್ಯ ತಪ್ಪು. 2011ರಲ್ಲಿ ಶೇ 66.5ರಷ್ಟು ಮಂದಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದ್ದಾರೆ, ಅಷ್ಟೇ. ಗಣತಿಯ ವ್ಯಾಖ್ಯೆಯಂತೆ ತಾಯ್ನುಡಿ ಎಂದರೆ ಚಿಕ್ಕಂದಿನಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡಿದ ಮಾತು. ಈಗ ಮನೆಯಲ್ಲಿ ಆಡುವುದು ಬೇರೆ ಇರಬಹುದು, ಆದ್ದರಿಂದ ‘ಮನೆಮಾತು’ ಇದಕ್ಕೆ ಸಾಟಿಯಲ್ಲ. ಬಲ್ಲ ಇತರ ಭಾಷೆಗಳು, ಹೆಚ್ಚೆಂದರೆ ಎರಡು, ಬೇರೆ ಪ್ರಶ್ನೆಯಲ್ಲಿ ದಾಖಲಾಗುತ್ತವೆ. ಕನ್ನಡ ಚೆನ್ನಾಗಿ ಬಲ್ಲ ಉರ್ದು, ತುಳು, ಕೊಂಕಣಿ ತಾಯ್ನುಡಿಯವರು ಆ 66.5ರ ಹೊರಗಿದ್ದಾರೆ.

ಇನ್ನೊಂದು ‘ವಲಸೆ’. ರಾಯಚೂರು, ಯಾದಗಿರಿ, ಕೊಪ್ಪಳದ ಕಡೆ ‘ಗುಳೆ ಹೋಗುವುದು’ ಎಂದರೆ ಊರಲ್ಲಿ ಕೂಲಿ ಇಲ್ಲದ ತಿಂಗಳುಗಳಲ್ಲಿ ಕುಟುಂಬ ಕಟ್ಟಿಕೊಂಡು ದುಡಿಯಲು ಹೋಗಿ ಮಳೆಗಾಲಕ್ಕೆ ಮರಳುವುದು. ‘ವಲಸೆ’ಯಲ್ಲಿ ಈ ಮರಳುವ ಅರ್ಥ ಇಲ್ಲ. ಗಣತಿಗೂ ಇದನ್ನು ಹಿಡಿಯುವುದು ಕಷ್ಟ: 2011ರ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಆ ದಿನಗಳಲ್ಲಿ ಊರಲ್ಲಿ ಕಂಡ ಕುಟುಂಬ ಮಾರ್ಚ್‌ನಲ್ಲಿ ಬೆಂಗಳೂರಿಗೆ ಗುಳೆ ಹೋದರೆ, ಅಲ್ಲಿಯ ಲೆಕ್ಕದಲ್ಲಿ ಅದರ ಸುಳಿವೇ ಇರುವುದಿಲ್ಲ.