14 ಕೋರಿನ ಸರ್ವರ್ ಚಿಪ್ 8 ಕೋರಿನ ಲ್ಯಾಪ್‌ಟಾಪಿಗೆ ಸೋಲ್ತಿದೆ, ಯಾಕೆ?

ಸೆಗ್‌ಫಾಲ್ಟ್_ಸೀನ:

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೆಟ್ಟುಹೋಗಿದೆ. ಆಫೀಸಿನಲ್ಲಿ ಬೇಡ ಅಂತ ಮೂಲೆಗೆ ತಳ್ಳಿದ್ದ ಸರ್ವರ್ ಒಂದು ನನ್ನ ಪಾಲಿಗೆ ಬಂತು. ಒಳಗಿರುವುದು ಇಂಟೆಲ್ ಜಿಯಾನ್ ಇ5-2680 ವಿ4. 14 ಕೋರ್, 28 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆಗಳು), 35 ಎಂಬಿ ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ). ನನ್ನ ಲ್ಯಾಪ್‌ಟಾಪಿನಲ್ಲಿ ಎಎಂಡಿ ರೈಝೆನ್ 7 5800ಎಚ್. 8 ಕೋರ್, 16 ಥ್ರೆಡ್, 16 ಎಂಬಿ ಕ್ಯಾಶ್. ಲೆಕ್ಕ ಹಾಕಿದರೆ ಸರ್ವರ್ ಹತ್ತಿರ ಹತ್ತಿರ ದುಪ್ಪಟ್ಟು, ಅಲ್ವಾ?

ನಮ್ಮದು ದೊಡ್ಡ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್. ಮೊದಲಿಂದ ಪೂರ್ತಿ ಬಿಲ್ಡ್ ಮಾಡಲು, ಅಂದರೆ ಕೋಡನ್ನೆಲ್ಲ ಓಡಿಸಬಲ್ಲ ಪ್ರೋಗ್ರಾಮ್ ಆಗಿ ಪರಿವರ್ತಿಸಲು, ಲ್ಯಾಪ್‌ಟಾಪ್ 31 ನಿಮಿಷ ತೆಗೆದುಕೊಳ್ಳುತ್ತದೆ. ಖುಷಿಯಿಂದ ಸರ್ವರಿನಲ್ಲಿ 28 ಜಾಬ್ ಹಾಕಿ (ಒಟ್ಟಿಗೆ 28 ಫೈಲ್ ಕಂಪೈಲ್ ಆಗುವ ಹಾಗೆ) ಟೀ ಕುಡಿಯಲು ಹೋದೆ. ವಾಪಸ್ ಬಂದರೆ ಇನ್ನೂ ಓಡುತ್ತಲೇ ಇತ್ತು. 52 ನಿಮಿಷ! ಇನ್ನೊಂದು ಸಲ ಹಾಕಿದೆ. ಆಗ ಮಧ್ಯದಲ್ಲೇ ಕಂಪೈಲರ್ ‘ಕಿಲ್ಡ್’ ಅಂತ ಒಂದು ಸಾಲು ಬರೆದು ಸತ್ತುಹೋಯಿತು. ಚಿಪ್ ಕೆಟ್ಟಿದೆಯಾ, ಇಲ್ಲ ನಾನೇ ಎಡವಟ್ಟು ಮಾಡಿದ್ದೀನಾ?

ಹಳೆ_ಮದರ್‌ಬೋರ್ಡ್:

ಚಿಪ್ ಚೆನ್ನಾಗಿಯೇ ಇದೆ ಸೀನ. ಕಂಪೈಲರ್ ತಾನಾಗಿ ಸಾಯಲಿಲ್ಲ, ಲಿನಕ್ಸ್ ಕೊಂದಿದೆ. ರ‍್ಯಾಮ್ ಖಾಲಿಯಾದಾಗ ಅದರ ಕರ್ನಲ್ (ಒಳತಿರುಳು) ಜಾಸ್ತಿ ತಿನ್ನುತ್ತಿರುವವನನ್ನು ಹುಡುಕಿ ಹೊಡೆಯುತ್ತದೆ. ಟೆಂಪ್ಲೇಟ್ ತುಂಬಿದ ಒಂದೊಂದು ಫೈಲಿಗೂ ಕಂಪೈಲರ್ ಒಂದು ಜಿಬಿ ಮೇಲೆ ತಿನ್ನುವುದು ಮಾಮೂಲು. 28 ಜಾಬ್ ಒಟ್ಟಿಗೆ ಕೂತರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಸರ್ವರಿನಲ್ಲಿ ರ‍್ಯಾಮ್ ಎಷ್ಟಿದೆ? ಎಷ್ಟು ಸ್ಟಿಕ್? ಮುಚ್ಚಳ ತೆಗೆದು ಕಣ್ಣಾರೆ ನೋಡಿ ಹೇಳಿ.

ಸೆಗ್‌ಫಾಲ್ಟ್_ಸೀನ:

ನೋಡಿದೆ ಸರ್. ಒಂದೇ ಒಂದು ಸ್ಟಿಕ್, 16 ಜಿಬಿ. ಉಳಿದ ಸ್ಲಾಟೆಲ್ಲ ಖಾಲಿ, ಧೂಳು ಕೂತಿದೆ. ಲ್ಯಾಪ್‌ಟಾಪಿನಲ್ಲಿ 16ರದ್ದು ಎರಡಿವೆ.

ಹಳೆ_ಮದರ್‌ಬೋರ್ಡ್:

ಅಂದುಕೊಂಡೆ. ಬೇರೆ ಮಷಿನ್‌ಗೆ ಬೇಕು ಅಂತ ಯಾರೋ ಉಳಿದದ್ದನ್ನು ಕಿತ್ತುಕೊಂಡಿದ್ದಾರೆ.

ಆ ಜಿಯಾನ್‌ಗೆ ಮೆಮೊರಿ ಚಾನೆಲ್ (ಚಿಪ್ ಮತ್ತು ಮೆಮೊರಿ ನಡುವಿನ ದಾರಿ) ನಾಲ್ಕು. ಡಿಡಿಆರ್4-2400 ಸ್ಟಿಕ್ ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ 19.2 ಜಿಬಿ ಸಾಗಿಸುತ್ತದೆ. ನಾಲ್ಕೂ ತುಂಬಿದರೆ 76.8. ನಿಮ್ಮ ಲ್ಯಾಪ್‌ಟಾಪಿಗೆ ಎರಡೇ ಚಾನೆಲ್. ಆದರೆ ಅದರ ಸ್ಟಿಕ್ 3200ರದ್ದಾದರೆ 51.2. ಅಂದರೆ 14 ಕೋರುಗಳನ್ನು ಸಾಲಾಗಿ ಊಟಕ್ಕೆ ಕೂರಿಸಿ ಒಬ್ಬನನ್ನೇ ಬಡಿಸಲು ಬಿಟ್ಟಿದ್ದೀರಿ. ಆದರೂ ನಿಮ್ಮ 52 ನಿಮಿಷಕ್ಕೆ ದೊಡ್ಡ ಕಾರಣ ಚಾನೆಲ್ ಅಲ್ಲ, ಸ್ವಾಪ್. ರ‍್ಯಾಮ್ ಸಾಲದೆ ಡಿಸ್ಕಿಗೆ ಬರೆದು ಓದಿ ಮಾಡುತ್ತಾ ಕೂತಿತ್ತು. ಕಂಪೈಲ್ ಕೆಲಸಕ್ಕೆ ಬ್ಯಾಂಡ್‌ವಿಡ್ತ್ ಅಷ್ಟೇನೂ ಬೇಕಾಗುವುದಿಲ್ಲ.

ನಾಲ್ಕು ಸ್ಟಿಕ್ ಹೊಂದಿಸಿ. ನಿಮ್ಮ ಹತ್ತಿರ ಇರುವುದು ರಿಜಿಸ್ಟರ್ಡ್ ಇಸಿಸಿ (ತಪ್ಪು ತಿದ್ದಿಕೊಳ್ಳುವ ಸರ್ವರ್ ಮೆಮೊರಿ) ಇರಬೇಕು, ಲೇಬಲ್ ನೋಡಿ ಅಂಥದ್ದನ್ನೇ ತನ್ನಿ. ಬೇರೆ ಜಾತಿಯದನ್ನು ಬೆರೆಸಿದರೆ ಮಷಿನ್ ಆನ್ ಆಗುವುದೇ ಇಲ್ಲ. ಒಂದೊಂದು ಚಾನೆಲ್‌ಗೆ ಒಂದೊಂದು ಹಾಕಿ. ಯಾವ ಸ್ಲಾಟ್ ಮೊದಲು ಅಂತ ಮುಚ್ಚಳದ ಒಳಗೆ ಚಿತ್ರ ಅಂಟಿಸಿರುತ್ತಾರೆ.

ಆದರೆ ಒಂದು ಮಾತು. ಎಲ್ಲ ಸರಿಮಾಡಿದ ಮೇಲೂ ಸರ್ವರ್ ದುಪ್ಪಟ್ಟು ಓಡುತ್ತದೆ ಅಂತ ಕನಸು ಕಾಣಬೇಡಿ. ನಿಮ್ಮ ಜಿಯಾನ್ 2016ರದ್ದು, 14 ನ್ಯಾನೋಮೀಟರ್ ತಯಾರಿಕೆ (ಅಂಕಿ ಚಿಕ್ಕದಾದಷ್ಟೂ ಹೊಸ ತಂತ್ರ). ರೈಝೆನ್ 2021ರದ್ದು, 7 ನ್ಯಾನೋಮೀಟರ್. ಜಿಯಾನ್‌ನಲ್ಲಿ ಒಂದೆರಡು ಕೋರ್ ಮಾತ್ರ ಓಡುವಾಗ 3.3 ಗಿಗಾಹರ್ಟ್ಸ್, ಹದಿನಾಲ್ಕೂ ಓಡುವಾಗ 2.9. ರೈಝೆನ್ 4.4ರವರೆಗೆ ಹೋಗುತ್ತದೆ. ಮೇಲಾಗಿ ಅದೇ ಒಂದು ಗಿಗಾಹರ್ಟ್ಸಿನಲ್ಲಿ ಹೊಸ ಕೋರ್ ಜಾಸ್ತಿ ಕೆಲಸ ಮುಗಿಸುತ್ತದೆ. ಹಾಗಾಗಿ ಬೇರೆ ಬೇರೆ ತಲೆಮಾರಿನ ಚಿಪ್‌ಗಳ ಗಿಗಾಹರ್ಟ್ಸನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ.

ಬೈಟ್_ಬುತ್ತಿ:

ನನಗೊಂದು ಡೌಟು. ಸರ್ವರ್ ಚಿಪ್ 120 ವ್ಯಾಟ್, ಲ್ಯಾಪ್‌ಟಾಪಿನದು 45. ಅಷ್ಟು ಕರೆಂಟ್ ಕುಡಿದೂ ಸರ್ವರ್ ಚಿಪ್ ಯಾಕೆ ನಿಧಾನ ಓಡಬೇಕು?

ಹಳೆ_ಮದರ್‌ಬೋರ್ಡ್:

ಕೋರಿಗೆ ಎಷ್ಟು ಬಂತು ನೋಡಿ. 120ನ್ನು 14ರಿಂದ ಭಾಗಿಸಿದರೆ ಒಂಬತ್ತು ವ್ಯಾಟ್ ಕೂಡ ಇಲ್ಲ. ಅದರಲ್ಲೇ ಮೆಮೊರಿ ಕಂಟ್ರೋಲರ್, 40 ಪಿಸಿಐ ಎಕ್ಸ್‌ಪ್ರೆಸ್ ಲೇನ್ (ಬೇರೆ ಕಾರ್ಡುಗಳಿಗೆ ಹೋಗುವ ದಾರಿ) ಎಲ್ಲದರ ಖರ್ಚೂ ಕಳೆಯಬೇಕು. ವೇಗ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕು. ವೋಲ್ಟೇಜ್ ಏರಿದಷ್ಟೂ ಕರೆಂಟ್ ಖರ್ಚು ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಕೊನೆಯ ಅರ್ಧ ಗಿಗಾಹರ್ಟ್ಸ್ ಬಲು ದುಬಾರಿ. ಸರ್ವರ್ ಮಾಡುವವರಿಗೆ ಅದು ಬೇಡ. ನೂರು ಜನ ಒಟ್ಟಿಗೆ ಬಂದರೂ ಹಗಲೂ ರಾತ್ರಿ ಒಂದೇ ಹದದಲ್ಲಿ ಕೆಲಸ ನಡೆಯಬೇಕು, ಅಷ್ಟೇ. ಲ್ಯಾಪ್‌ಟಾಪ್ ಕಥೆ ಉಲ್ಟಾ. ಬಟನ್ ಒತ್ತಿದ ತಕ್ಷಣ ಹಾರಬೇಕು, ಆಮೇಲೆ ಸುಮ್ನೆ ಮಲಗಬೇಕು.

ಸೀನ, ಇನ್ನೊಂದು ಕೆಲಸ ಮಾಡಿ. ಬಿಲ್ಡ್ ನಡೆಯುವಾಗ ಎಚ್‌ಟಾಪ್ (ಪ್ರತಿ ಥ್ರೆಡ್ ಎಷ್ಟು ದುಡಿಯುತ್ತಿದೆ ಅಂತ ಪಟ್ಟಿಗಳಲ್ಲಿ ತೋರಿಸುವ ಪ್ರೋಗ್ರಾಮ್) ತೆರೆದಿಟ್ಟು ಕೊನೆಯ ಐದು ನಿಮಿಷ ಕಣ್ಣಿಟ್ಟು ನೋಡಿ.

ಸೆಗ್‌ಫಾಲ್ಟ್_ಸೀನ:

ಹತ್ತು ದಿನ ಆಯಿತು, ಕ್ಷಮಿಸಿ. ಅಂಥದ್ದೇ ಮೂರು ಸ್ಟಿಕ್ ಹುಡುಕಿ ಹಾಕಿದೆ. ಈಗ 64 ಜಿಬಿ. ಎಚ್‌ಟಾಪ್‌ನಲ್ಲಿ ಕಂಡದ್ದು ಹೇಳುತ್ತೇನೆ ಕೇಳಿ. ಮೊದಲು 28 ಪಟ್ಟಿಯೂ ಹಸಿರು, ಒಂದೂ ಅಲುಗಾಡುವುದಿಲ್ಲ, ನೋಡಲು ಬಲು ಚೆಂದ. ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕ್ ಹಂತಕ್ಕೆ ಬಂದದ್ದೇ ತಡ, 27 ಪಟ್ಟಿ ದೀಪ ಆರಿದ ಹಾಗೆ ಖಾಲಿ. ಒಂದು ಮಾತ್ರ ನೂರಕ್ಕೆ ನೂರು. ನಾಲ್ಕು ನಿಮಿಷ ಹಾಗೇ ಒಂಟಿಯಾಗಿ ಓಡಿತು. ಒಟ್ಟು 34 ನಿಮಿಷ.

ಲ್ಯಾಪ್‌ಟಾಪಿನಲ್ಲೂ ನೋಡಿದೆ. ಶುರುವಿನಲ್ಲಿ ಎಲ್ಲ ಕೋರುಗಳೂ ನಾಲ್ಕು ಗಿಗಾಹರ್ಟ್ಸ್ ಆಸುಪಾಸು. ಎರಡು ನಿಮಿಷ ಕಳೆಯುವಷ್ಟರಲ್ಲಿ 95 ಡಿಗ್ರಿ ಮುಟ್ಟಿ ವೇಗ ಇಳಿಯತೊಡಗಿತು. ಕೀಬೋರ್ಡಿನ ಮೇಲುಭಾಗಕ್ಕೆ ಬೆರಳು ಇಡಲು ಆಗುವುದಿಲ್ಲ.

ಹಳೆ_ಮದರ್‌ಬೋರ್ಡ್:

ಆ ನಾಲ್ಕು ನಿಮಿಷಕ್ಕೆ ಕೋರ್ ಎಷ್ಟಿದ್ದರೇನು! ಹಳೆ ಲಿಂಕರ್ ಬಿಟ್ಟು ಎಲ್‌ಎಲ್‌ಡಿ ಅಥವಾ ಮೋಲ್ಡ್ ಎಂಬ ಹೊಸ ಲಿಂಕರ್ ಹಾಕಿ. ಇವೆರಡೂ ಕೆಲಸವನ್ನು ಹಲವು ಕೋರುಗಳಿಗೆ ಹಂಚಿ ಮಾಡುತ್ತವೆ. ಎರಡೂ ಮಷಿನ್‌ನಲ್ಲಿ ಹಾಕಿ, ಇಲ್ಲದಿದ್ದರೆ ಹೋಲಿಕೆ ನ್ಯಾಯವಾಗುವುದಿಲ್ಲ.

ಬೈಟ್_ಬುತ್ತಿ:

ವಿಡಿಯೊ ಎನ್‌ಕೋಡ್ ಆಸೆಗೆ ಆ ಸರ್ವರ್ ಇಟ್ಟುಕೊಳ್ಳುವವರು ಗಮನಿಸಿ. ಜಿಯಾನ್ ಇ5ರಲ್ಲಿ ಗ್ರಾಫಿಕ್ಸ್ ಇಲ್ಲ, ವಿಡಿಯೊ ಹಾರ್ಡ್‌ವೇರ್ ಇಲ್ಲ. 5800ಎಚ್ ಒಳಗೆ ಎರಡೂ ಇವೆ.

ಸೆಗ್‌ಫಾಲ್ಟ್_ಸೀನ:

ಎಲ್‌ಎಲ್‌ಡಿ ಹಾಕಿದೆ. ಪೂರ್ತಿ ಬಿಲ್ಡ್: ಸರ್ವರ್ 30 ನಿಮಿಷ, ಲ್ಯಾಪ್‌ಟಾಪ್ 28. ಒಂದು ಫೈಲ್ ತಿದ್ದಿ ಮತ್ತೆ ಬಿಲ್ಡ್: ಸರ್ವರ್ 16 ಸೆಕೆಂಡ್, ಲ್ಯಾಪ್‌ಟಾಪ್ 9. ಇಷ್ಟೆಲ್ಲ ಒದ್ದಾಡಿದರೂ ಲ್ಯಾಪ್‌ಟಾಪೇ ಮುಂದೆ. ಸ್ವಲ್ಪ ಬೇಜಾರಾಯಿತು, ಸುಳ್ಳು ಹೇಳಲ್ಲ.

ಆದರೆ ನಿನ್ನೆ ರಾತ್ರಿ ಟೆಸ್ಟಿಗೆ ಅಂತ ನಾಲ್ಕು ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗೆ ಓಡುವ ಕಂಪ್ಯೂಟರ್) ಎಬ್ಬಿಸಿ, ಜೊತೆಗೇ ಬಿಲ್ಡ್ ಹಾಕಿದೆ. ಲ್ಯಾಪ್‌ಟಾಪಿನಲ್ಲಿ ಇದನ್ನು ಮಾಡಿದಾಗ ಮೌಸ್ ಕೂಡ ಅಲ್ಲಾಡಿರಲಿಲ್ಲ. ಸರ್ವರ್ ಬೆಳಗಿನವರೆಗೂ 2.9ರಿಂದ ಕೆಳಗೆ ಇಳಿಯಲಿಲ್ಲ. ಈಗ ಕೋಡ್ ಬರೆಯುವುದು ಲ್ಯಾಪ್‌ಟಾಪಿನಲ್ಲಿ, ರಾತ್ರಿ ಬಿಲ್ಡ್ ಮತ್ತು ಟೆಸ್ಟ್ ಎಸ್‌ಎಸ್‌ಎಚ್ ಮೂಲಕ ದೂರದಿಂದಲೇ ಸರ್ವರಿನಲ್ಲಿ. ಅದರ ಫ್ಯಾನ್ ಸದ್ದಿಗೆ ಏನಾದರೂ ಉಪಾಯ ಇದೆಯಾ ಸರ್? ವಿಮಾನ ಎದ್ದ ಹಾಗೆ ಕೇಳುತ್ತೆ.

ಹಳೆ_ಮದರ್‌ಬೋರ್ಡ್:

ಅದಕ್ಕೆ ಉಪಾಯ ಇರುವುದು ಒಂದೇ. ಬೇರೆ ಕೋಣೆ, ಬಾಗಿಲು ಮುಚ್ಚಿ.