ಪದಚರ್ಚೆ: ಈಜುವ ಮಕ್ಕಳ 'ವಾರ್ಮ್ ಅಪ್', 'ಸ್ಟಾರ್ಟ್' ಎರಡಕ್ಕೂ ಪದ ಬೇಕು, ನಾಳೆಯೊಳಗೆ

ಎಲ್ಲರಿಗೂ ನಮಸ್ಕಾರ. ಈಜು ಸ್ಪರ್ಧೆಗೆ ಇಳಿಯುವ ಮಕ್ಕಳಿಗಾಗಿ ಒಂದು ಗೋಡೆ ಫಲಕ ಅನುವಾದಿಸುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. ಮೂಲದ ಸಾರ ಇಷ್ಟು: 50 ಮೀಟರ್ ಈಜಿನಲ್ಲಿ ಸ್ಟಾರ್ಟ್ ಕೆಟ್ಟರೆ ಸರಿಮಾಡಿಕೊಳ್ಳೋಕೆ ದೂರವೇ ಉಳಿಯುವುದಿಲ್ಲ, ಹಾಗಾಗಿ ಮೊದಲೇ ಸ್ವಲ್ಪ ಈಜಿ, ದಡದಲ್ಲಿ ನಾಲ್ಕಾರು ಸಲ ಜಿಗಿದು ಕಾಲಿಗೆ ಚುರುಕು ತಂದುಕೊಳ್ಳಿ, ಕಾಲು ಎಳೆದು ನಿಮಿಷಗಟ್ಟಲೆ ಹಾಗೇ ಹಿಡಿದು ನಿಲ್ಲುವುದು ಆ ಹೊತ್ತಿನಲ್ಲಿ ಬೇಡ, ಚಿಮ್ಮುವ ಬಲ ಕುಗ್ಗುತ್ತದೆ. 'ಪೂರ್ವಸಿದ್ಧತಾ ವ್ಯಾಯಾಮ' ಅಂತ ಬರೆದಿದ್ದೆ. ಓದಿದ ಹುಡುಗಿ 'ಇದು ಪರೀಕ್ಷೆಗಾ?' ಅಂದಳು.

ಮರು:
ಮೈಗಾವು. ಮೈ, ಕಾವು. ಮೈಗಳ್ಳ ಆದ ಹಾಗೆ. ಇದರಲ್ಲಿ ಚರ್ಚೆಗೇನಿದೆ? ನಮ್ಮದೇ ತಾಲೀಮು, ಕಸರತ್ತು ಇರುವಾಗ ಇಂಗ್ಲಿಷಿನ ಸಾಲ ಯಾಕೋ ಗೊತ್ತಿಲ್ಲ. ಸ್ಟಾರ್ಟ್ ಅಂದರೆ ಧುಮುಕು. ಮುಗಿಯಿತು.

ಮರು: ಮರು:
ಸರ್, ತಾಲೀಮು, ಕಸರತ್ತು ಎರಡೂ ಅರಬ್ಬಿ ಮೂಲದವು. ಅದಿರಲಿ. ಮೈಗಾವು ಅಂದರೆ ನನಗೆ ಮೈಗಾವಲಿನವನು ಕಣ್ಣಮುಂದೆ ಬರುತ್ತಾನೆ. ತಮಿಳಿನಲ್ಲಿ ಕಾಪಾಡುವುದಕ್ಕೆ 'ಕಾ', ಬಿಸಿಯಾಗುವುದಕ್ಕೆ 'ಕಾಯ್', ಬೇರೆ ಬೇರೆ ಧಾತು. ನಮ್ಮಲ್ಲಿ ಎರಡೂ 'ಕಾಯು' ಆಗಿ ಕೂತಿವೆ. ನೀರೂ ಕಾಯುತ್ತದೆ, ಕಾವಲುಗಾರನೂ ಕಾಯುತ್ತಾನೆ, ಸರದಿಗಾಗಿ ಮಕ್ಕಳೂ ಕಾಯುತ್ತಾರೆ. ಈಜುಕೊಳದಲ್ಲಿ ತೊಂದರೆಯೇ ಇದು: ಕಾದ ಮೈ ಕಾದು ಕಾದು ಆರಿಹೋಗುತ್ತದೆ. ಒದ್ದೆ ಮೈಯಲ್ಲಿ ಬೆಂಚಿನ ಮೇಲೆ ಅರ್ಧ ಗಂಟೆ ಕೂತ ಮಗು ಮಾಡಿದ್ದೆಲ್ಲ ದಂಡ, ಹಾಗಾಗಿ 'ಒರೆಸಿಕೊಂಡು ಬೆಚ್ಚಗೆ ಹೊದ್ದು ಕೂರಿ' ಅನ್ನುವ ಸಾಲು ಫಲಕದಲ್ಲಿ ಇರಲೇಬೇಕು, ಪದ ಯಾವುದಾದರೂ ಆಗಲಿ.

ಅಲ್ಲದೆ ನಾಮಪದವೇ ಯಾಕೆ ಬೇಕು? ಕನ್ನಡದ ಜೀವ ಕ್ರಿಯಾಪದದಲ್ಲಿದೆ (ಇದನ್ನು ಇಲ್ಲಿ ಎಷ್ಟನೇ ಸಲ ಹೇಳುತ್ತಿದ್ದೇನೋ!). 'ಮೈ ಬಿಸಿ ಮಾಡಿಕೊಳ್ಳಿ' ಅಂತ ಬರೆಯಿರಿ.

'ಧುಮುಕು' ಖಂಡಿತ ಬೇಡ. ಡೈವಿಂಗ್ ಬೇರೆಯೇ ಆಟ. ಧುಮುಕಿದವರು ಕೆಳಗೆ ಹೋಗುತ್ತಾರೆ, ಇವರು ಹೋಗಬೇಕಾದ್ದು ಮುಂದಕ್ಕೆ. ಅಂಗಾತ ಈಜುವ ಬ್ಯಾಕ್‌ಸ್ಟ್ರೋಕ್‌ನಲ್ಲಂತೂ ನೀರಿನಲ್ಲೇ ಇದ್ದು, ಹಿಡಿ ಹಿಡಿದು, ಗೋಡೆ ಒದ್ದು ಹೊರಡುತ್ತಾರೆ. ಅಲ್ಲಿ ಧುಮುಕುವುದೆಲ್ಲಿಂದ ಬಂತು? 'ಚಿಮ್ಮು' ಎರಡಕ್ಕೂ ಹೊಂದುತ್ತದೆ.

ಮರು: ಮರು: ಮರು:
ತಾಲೀಮು ಬಂದು ತಲೆಮಾರುಗಳಾದವು. ಈಗ ಅದು ಕನ್ನಡವೇ. ನಿಮ್ಮ ತಮಿಳು ಪಾಠ ಯಾರೂ ಕೇಳಿರಲಿಲ್ಲ.

ಮರು: ಮರು: ಮರು: ಮರು:
ಹಾಗಾದರೆ 'ವಾರ್ಮ್ ಅಪ್' ಕನ್ನಡ ಆಗೋಕೆ ಇನ್ನೆಷ್ಟು ತಲೆಮಾರು ಕಾಯಬೇಕು ಸರ್? ಸುಮ್ನೆ ಕೇಳಿದೆ, ಕೋಪ ಬೇಡ. ಮೇಡಂ ಹೇಳಿದ್ದು ನನಗೆ ಸರಿ ಅನಿಸಿತು. ಶೀರ್ಷಿಕೆಯಲ್ಲಿ ಮಾತ್ರ 'ವಾರ್ಮ್ ಅಪ್' ಇಡುತ್ತೇನೆ, ಕೋಚ್ ಕೂಗುವುದು ಅದನ್ನೇ ಅಲ್ವಾ. ಕೆಳಗೆ: 'ಮೈ ಬಿಸಿ ಮಾಡಿಕೊಳ್ಳಿ. ಆರಲು ಬಿಡಬೇಡಿ. ಬ್ಲಾಕ್ ಒದ್ದು ಮುಂದಕ್ಕೆ ಚಿಮ್ಮಿ.' (ಬ್ಲಾಕ್ ಅಂದರೆ ದಡದ ಮೇಲೆ ಹೊರಡಲು ನಿಲ್ಲುವ ಕಟ್ಟೆ.) ಕೊನೆಗೆ 'ಫ್ರೀಸ್ಟೈಲ್‌ನಲ್ಲಿ 15 ಮೀಟರ್ ದಾಟುವುದರೊಳಗೆ ತಲೆ ನೀರಿನ ಮೇಲೆ ಬಂದಿರಬೇಕು' ಅಂತ ನಿಯಮದ ಸಾಲು. ಆ ಸಾಲಿನ ಪಕ್ಕದಲ್ಲಿ 'ಡಾಲ್ಫಿನ್ ಕಿಕ್' (ಎರಡೂ ಕಾಲು ಜೋಡಿಸಿ ಅಲೆಯಂತೆ ಒದೆಯುವುದು) ಅಂತಿದೆ. ಅದಕ್ಕೆ ದಯವಿಟ್ಟು ಯಾರೂ ಪದ ಕಳಿಸಬೇಡಿ.