ಅಪ್‌ಡೇಟ್: ನಗುವೂ ಭಕ್ತಿಯೂ ಒಂದೇ ಪತ್ತೇದಾರಿ ಕಥೆಯಲ್ಲಿ

ನನ್ನ ಮೊದಲ ಕ್ರಿಶ್ಚಿಯನ್ ಕೋಜಿ ಮಿಸ್ಟರಿಯಲ್ಲಿ (ರಕ್ತಪಾತ, ಕ್ರೌರ್ಯ ತೋರಿಸದ ಹಗುರ ಪತ್ತೇದಾರಿ ಕಥೆ) ಹಾಸ್ಯ, ಭಕ್ತಿ ಎರಡೂ ಹೊಂದುತ್ತಿಲ್ಲ ಎಂದು ಹಿಂದೆ ನಿಮ್ಮಲ್ಲಿ ಸಲಹೆ ಕೇಳಿದ್ದೆನಲ್ಲ, ಅದರ ಕರಡು ಮುಗಿಯಿತು!

"ಪ್ರಾರ್ಥನೆಯನ್ನು ಗೇಲಿ ಮಾಡಿ ನಗಿಸಬೇಡಿ, ಪ್ರಾರ್ಥಿಸುವವರ ನಡವಳಿಕೆಯಿಂದ ನಗಿಸಿ" ಎಂಬ ಸಲಹೆ ಕೈಹಿಡಿಯಿತು. ಈಗ ನನ್ನ ಪತ್ತೇದಾರಿಣಿ, ಚರ್ಚಿನ ಆರ್ಗನ್ ನುಡಿಸುವಾಕೆ, ಪ್ರಾರ್ಥನೆ ವೇಳೆ ಒಂದು ಕಣ್ಣು ಅರ್ಧ ತೆರೆದು ಕಾಣಿಕೆ ತಟ್ಟೆಯತ್ತ ಯಾರ ಕೈ ಹೋಗುತ್ತದೆ ಎಂದು ನೋಡುತ್ತಾಳೆ. ಮೊದಲ ಸುಳಿವೂ ಅಲ್ಲೇ.

ಪ್ರತಿ ಅಧ್ಯಾಯಕ್ಕೊಂದು ಬೈಬಲ್ ವಚನ ಹಾಕುವ ಸಲಹೆ ಮಾತ್ರ ಕೈಕೊಟ್ಟಿತು. ವಚನ ಓದಿದರೆ ಸಾಕು, ಕಳ್ಳ ಯಾರೆಂದು ಗೊತ್ತಾಗುತ್ತಿತ್ತು!

ಒಂದು ಮಜಾ ಸಂಗತಿ: 1929ರಲ್ಲಿ ಪತ್ತೇದಾರಿ ಕಥೆಗಳಿಗೆ ಹತ್ತು ನಿಯಮ ಬರೆದ ರೊನಾಲ್ಡ್ ನಾಕ್ಸ್ ಸ್ವತಃ ಕ್ಯಾಥೊಲಿಕ್ ಪಾದ್ರಿ. ಅಲೌಕಿಕ ಶಕ್ತಿಗಳಿಗೆ ಕಥೆಯಲ್ಲಿ ಜಾಗವಿಲ್ಲ ಎಂಬುದೂ ಅದರಲ್ಲೊಂದು. ಪಾದ್ರಿಯೇ ಹೇಳಿದ ಮೇಲೆ ಇನ್ನೇನು, ಕಳ್ಳನನ್ನು ತೋರಿಸಿಕೊಡುವ ಕನಸಿನ ದೃಶ್ಯವನ್ನು ಸುಮ್ನೆ ಕಿತ್ತುಹಾಕಿದೆ.